ಟರ್ಕಿ ಬೇಟೆಗೆ ಮೂರೇ ತೋಟಾ: ಅಮೆರಿಕದಲ್ಲಿರುವ ಕೊಡಗಿನವರಿಗೆ ಒಂದಿಷ್ಟು ವಿವರ

ಕೊಡಗಿನಲ್ಲಿ ಬೆಳೆದವರಿಗೆ ಕೋವಿ ಎಂದರೆ ಬಹುಮಟ್ಟಿಗೆ ಜೋಡಿ ನಳಿಕೆಯ 12 ಬೋರು. ಮಡಚಿ ತೆರೆದರೆ ಎರಡು ತೂತು, ಎರಡು ತೋಟಾ, ಮುಚ್ಚಿದರೆ ಮುಗಿಯಿತು. ಎಷ್ಟು ತೋಟಾ ಹಾಕಬಹುದು ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಈಡು ಎಂಬ ಪದ್ಧತಿ ಇರುವ ನಾಡಿಗೆ ಜೋಡಿ ನಳಿಕೆಯೇ ಸಾಕು.

ಆದರೆ ನಮ್ಮ ಮಕ್ಕಳು ಅಮೆರಿಕದಲ್ಲಿ ಕೆಲಸಕ್ಕೆ ಸೇರಿ, ಅಲ್ಲಿನ ಸ್ನೇಹಿತರ ಜೊತೆ ವಸಂತ ಕಾಲದಲ್ಲಿ ಟರ್ಕಿ ಎಂಬ ದೊಡ್ಡ ಕಾಡುಹಕ್ಕಿಯ ಬೇಟೆಗೆ ಹೊರಟಾಗ ಅವರ ಕೈಗೆ ಬರುವುದು ಬೇರೆ ಥರದ ಕೋವಿ. ಕೈಯಿಂದ ಹಿಡಿಕೆ ಎಳೆದು ಮುಂದಿನ ತೋಟಾ ತರುವ ಪಂಪ್, ಇಲ್ಲವೇ ತಾನೇ ತಂದುಕೊಳ್ಳುವ ಸೆಮಿ ಆಟೋಮ್ಯಾಟಿಕ್. ನಳಿಕೆ ಒಂದೇ, ಅದರ ಕೆಳಗೆ ಇನ್ನೊಂದು ಕೊಳವೆ, ಅದರೊಳಗೆ ಸಾಲಾಗಿ ನಾಲ್ಕೋ ಐದೋ ತೋಟಾ. ಇಲ್ಲಿಂದ ಕಾನೂನು ಶುರುವಾಗುತ್ತದೆ. ಕೋವಿ ಬಲ್ಲವರೇ ಈ ವಿಷಯದಲ್ಲಿ ಹೆಚ್ಚು ಎಡವುತ್ತಾರೆ. ಕೋವಿ ಗೊತ್ತು, ಇನ್ನು ಕಲಿಯುವುದೇನಿದೆ ಎಂಬ ಧೈರ್ಯ ಅವರಲ್ಲಿರುತ್ತದೆ.

ಮೊದಲು ನಿಯಮ. ಟರ್ಕಿ ಬೇಟೆಗೆ ಮಿತಿ ಇಟ್ಟಿರುವ ಹಲವು ರಾಜ್ಯಗಳಲ್ಲಿ ಚರೆ ಕೋವಿ ಅಂದರೆ ಶಾಟ್‌ಗನ್ ಒಟ್ಟು ಮೂರು ತೋಟಾಗಿಂತ ಹೆಚ್ಚು ಹಿಡಿಸಬಾರದು. ಚೇಂಬರಿನಲ್ಲಿ (ನಳಿಕೆಯ ಹಿಂದಿನ ತುದಿಯಲ್ಲಿ ಹಾರಲು ಸಿದ್ಧವಾದ ತೋಟಾ ಕೂರುವ ಜಾಗ) ಒಂದು, ನಳಿಕೆಯ ಕೆಳಗಿನ ಮ್ಯಾಗಜಿನ್ ಕೊಳವೆಯಲ್ಲಿ ಎರಡು. ಈ ವಾಕ್ಯದಲ್ಲಿ ಕಣ್ಣಿಡಬೇಕಾದ ಪದ ‘ಹಿಡಿಸಬಾರದು’ ಎಂಬುದು. ನೀವು ಎಷ್ಟು ತುಂಬಿದ್ದೀರಿ ಎಂದು ಕಾನೂನು ಕೇಳುವುದಿಲ್ಲ, ಎಷ್ಟು ತುಂಬಲು ಸಾಧ್ಯ ಎಂದು ಕೇಳುತ್ತದೆ. ಐದು ತೋಟಾ ಹಿಡಿಸುವ ಕೋವಿಗೆ ಒಂದೇ ತೋಟಾ ಹಾಕಿಕೊಂಡು ಹೋದರೂ ಅಪರಾಧ ಅಪರಾಧವೇ. ಬೇಟೆಯ ಕಾನೂನು ನೋಡಿಕೊಳ್ಳುವ ಅಧಿಕಾರಿಯಾದ ವಾರ್ಡನ್ ಬಂದು ಕೋವಿ ಖಾಲಿ ಮಾಡಿಸಿ, ತೋಟಾಗಳನ್ನು ಒಂದೊಂದಾಗಿ ಒಳಗೆ ತಳ್ಳಿ ನೋಡುತ್ತಾನೆ. ಕೊಳವೆ ಮೂರನೆಯದನ್ನು ನುಂಗಿತೆಂದರೆ ‘ನಾನು ಎರಡೇ ಹಾಕಿದ್ದೆ’ ಎಂಬ ಮಾತಿಗೆ ಬೆಲೆ ಇರುವುದಿಲ್ಲ.

ಈ ಮೂರರ ಲೆಕ್ಕ ಮೊದಲು ಬಂದದ್ದು ಟರ್ಕಿಗಾಗಿ ಅಲ್ಲ, ಬಾತುಕೋಳಿಗಳಿಗಾಗಿ. 1918ರಲ್ಲಿ ಅಮೆರಿಕದಲ್ಲಿ ವಲಸೆ ಹಕ್ಕಿಗಳ ಕಾಯಿದೆ ಬಂತು. ಅದರಡಿ 1935ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಮೂರು ದೊಡ್ಡ ನಿರ್ಬಂಧ ಹೇರಿತು: ಜೀವಂತ ಬಾತುಗಳನ್ನು ಕಟ್ಟಿ ಕಾಡುಬಾತುಗಳನ್ನು ಕರೆಯುವುದು, ಕಾಳು ಚೆಲ್ಲಿ ಸೆಳೆಯುವುದು, ಮೂರಕ್ಕಿಂತ ಹೆಚ್ಚು ತೋಟಾ ಹಿಡಿಸುವ ಕೋವಿ ಬಳಸುವುದು ನಿಷಿದ್ಧವಾದವು. ನೀರಿಗಿಳಿಯುವ ಬಾತಿನ ಹಿಂಡಿನ ಮೇಲೆ ಏಳೆಂಟು ಈಡು ಸುರಿದರೆ ಸತ್ತು ಬೀಳುವುದಕ್ಕಿಂತ ಗಾಯಗೊಂಡು ತಪ್ಪಿಸಿಕೊಳ್ಳುವವೇ ಹೆಚ್ಚು. ದೂರ ಹೋದ ಹಿಂಡಿನ ಮೇಲೆ ಆಸೆಯಿಂದ ಹಾರಿಸುವ ನಾಲ್ಕನೆಯ, ಐದನೆಯ ಈಡನ್ನು ತಡೆಯುವುದೇ ಈ ನಿಯಮದ ತಿರುಳು. ನನಗೆ ಇದು ಬಹಳ ಒಳ್ಳೆಯ ನಿಯಮವಾಗಿ ಕಾಣುತ್ತದೆ. ಬೇಟೆಗಾರನ ವಿವೇಕವನ್ನು ಮಾತ್ರ ನಂಬಿ ಕೂರದೆ, ಕೋವಿಯ ಹೊಟ್ಟೆಯನ್ನೇ ಚಿಕ್ಕದು ಮಾಡಿದರು.

ಕಾಡು ಟರ್ಕಿ ವಲಸೆ ಹಕ್ಕಿ ಅಲ್ಲ. ಹಾಗಾಗಿ ಆ ಕೇಂದ್ರ ನಿಯಮ ಟರ್ಕಿಗೆ ತಾಗುವುದಿಲ್ಲ. ಟರ್ಕಿಯ ಬೇಟೆ ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಕೈಯಲ್ಲಿದೆ, ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ಮಿಸ್ಸೂರಿಯಲ್ಲಿ ಟರ್ಕಿಗೆ ಒಟ್ಟು ಮೂರು ತೋಟಾದ ಮಿತಿ, ಜೊತೆಗೆ ಚರೆ (ತೋಟಾದೊಳಗಿನ ಸಣ್ಣ ಗುಂಡು) 4ನೇ ನಂಬರಿಗಿಂತ ದಪ್ಪ ಇರಬಾರದು, ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣ. ಪೆನ್ಸಿಲ್ವೇನಿಯಾದಲ್ಲೂ ಚೇಂಬರ್ ಮತ್ತು ಮ್ಯಾಗಜಿನ್ ಸೇರಿ ಮೂರೇ. ಟೆಕ್ಸಾಸಿನಲ್ಲಿ ವಲಸೆ ಹಕ್ಕಿಗಳನ್ನು ಬಿಟ್ಟರೆ ಶಾಟ್‌ಗನ್ನಿನ ತೋಟಾಗೆ ಮಿತಿಯೇ ಇಲ್ಲ, ಟರ್ಕಿಗೂ ಇಲ್ಲ.

ಆ ಟೆಕ್ಸಾಸಿನ ಸಡಿಲಿಕೆ ಮತ್ತೊಂದು ಗುಂಡಿ ತೋಡಿಡುತ್ತದೆ. ವಸಂತದಲ್ಲಿ ಟರ್ಕಿಗೆ ಹೋಗುವಾಗ ಮಿತಿಯಿಲ್ಲವೆಂದು ಪ್ಲಗ್ (ಕೊಳವೆಯಲ್ಲಿ ಹೆಚ್ಚು ತೋಟಾ ಹಿಡಿಸದಂತೆ ತಡೆಯುವ ಕಡ್ಡಿ) ಕಿತ್ತಿಟ್ಟವರು ಸೆಪ್ಟೆಂಬರಿನಲ್ಲಿ ಅದೇ ಕೋವಿ ಹಿಡಿದು ಪಾರಿವಾಳದ ಜಾತಿಯ ಡವ್ ಹಕ್ಕಿಗೆ ಹೋಗುತ್ತಾರೆ. ಡವ್ ವಲಸೆ ಹಕ್ಕಿ. ಅಲ್ಲಿ ಕೇಂದ್ರದ ಮೂರರ ನಿಯಮ ಪೂರ್ತಿ ಅನ್ವಯ. ಹಾಗೆಯೇ ಒಂದು ರಾಜ್ಯದಿಂದ ಗಡಿ ದಾಟಿ ಪಕ್ಕದ ರಾಜ್ಯಕ್ಕೆ ಹೋದರೆ ಕೋವಿ ಅದೇ ಆದರೂ ಕಾನೂನು ಬದಲಾಗಿರುತ್ತದೆ. ಬಹುತೇಕ ರಾಜ್ಯಗಳು ವರ್ಷವರ್ಷ ಬೇಟೆ ನಿಯಮಗಳ ಕೈಪಿಡಿ ಹೊರತರುತ್ತವೆ. ಆ ವರ್ಷದ್ದನ್ನೇ ತೆಗೆದು, ಟರ್ಕಿ ಎಂಬ ಅಧ್ಯಾಯದಲ್ಲಿ ಆಯುಧ ಮತ್ತು ಚರೆಯ ಸಾಲುಗಳನ್ನು ಓದಿ. ಗೆಳೆಯ ಹೇಳಿದ್ದು, ಹೋದ ವರ್ಷ ಓದಿದ್ದು ಎರಡೂ ಸಾಲದು. ಮಿತಿ ಇರಲಿ ಇಲ್ಲದಿರಲಿ ಪ್ಲಗ್ಗನ್ನು ಕೋವಿಯೊಳಗೇ ಕಾಯಂ ಬಿಟ್ಟುಬಿಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಸರಳ. ಮೂರು ತೋಟಾದ ಕೋವಿ ಎಲ್ಲ ರಾಜ್ಯದಲ್ಲೂ ನಡೆಯುತ್ತದೆ.

ಇನ್ನು ಪ್ಲಗ್. ಮ್ಯಾಗಜಿನ್ ಕೊಳವೆಯೊಳಗೆ ಉದ್ದನೆಯ ಸ್ಪ್ರಿಂಗ್ ಇರುತ್ತದೆ, ಅದರ ಹಿಂಬದಿಯ ತುದಿಯಲ್ಲಿ ಫಾಲೋವರ್ ಎಂಬ ಬಟ್ಟಲು. ತೋಟಾ ತಳ್ಳಿದಂತೆ ಬಟ್ಟಲು ಮುಂದಕ್ಕೆ ಸರಿದು ಸ್ಪ್ರಿಂಗ್ ಮುದುಡುತ್ತದೆ. ಸ್ಪ್ರಿಂಗಿನ ಸುರುಳಿಯ ನಡುವೆ ಒಂದು ಕಡ್ಡಿ ಇಟ್ಟರೆ ಬಟ್ಟಲು ಆ ಕಡ್ಡಿಗೆ ತಗುಲಿ ನಿಲ್ಲುತ್ತದೆ, ಮುಂದಕ್ಕೆ ಜಾಗವಿಲ್ಲ. ಆ ಕಡ್ಡಿಯೇ ಪ್ಲಗ್. ಮರದ್ದಿರಬಹುದು, ಪ್ಲಾಸ್ಟಿಕ್ಕಿನದಿರಬಹುದು. ಕೇಂದ್ರ ನಿಯಮ ಎರಡು ಷರತ್ತು ಹಾಕುತ್ತದೆ, ಟರ್ಕಿಗೂ ಅದನ್ನೇ ಪಾಲಿಸಿದರೆ ಒಳ್ಳೆಯದು: ಪ್ಲಗ್ ಒಂದೇ ತುಂಡಿನದಾಗಿರಬೇಕು, ಕೋವಿ ಬಿಚ್ಚದೆ ಹೊರತೆಗೆಯಲು ಬರಬಾರದು. ಎರಡು ಪೆನ್ಸಿಲ್ ತುಂಡು ಸೇರಿಸಿ ಟೇಪ್ ಸುತ್ತಿದ್ದು ಒಂದೇ ತುಂಡು ಎನಿಸಿಕೊಳ್ಳುವುದಿಲ್ಲ. ತೋಟಾ ತುಂಬುವ ಬಾಯಿಂದ ಬೆರಳಿನಲ್ಲಿ ಎಳೆದು ತೆಗೆಯುವಂತಿದ್ದರೂ ಪ್ಲಗ್ ಇದ್ದಂತೆ ಆಗಲಿಲ್ಲ.

ಹೊಸ ಕೋವಿ ಕೊಂಡರೆ ಸಾಮಾನ್ಯವಾಗಿ ಪ್ಲಗ್ ಜೊತೆಗೇ ಬರುತ್ತದೆ. ಕೆಲವದರಲ್ಲಿ ಒಳಗೇ ಹಾಕಿರುತ್ತಾರೆ, ಕೆಲವದರಲ್ಲಿ ಪೆಟ್ಟಿಗೆಯ ಮೂಲೆಯಲ್ಲಿ ಚೀಲದಲ್ಲಿರುತ್ತದೆ. ಸೆಕೆಂಡ್ ಹ್ಯಾಂಡ್ ಕೋವಿ ಕೊಂಡವರು ಒಳಗೆ ಏನಿದೆ ಎಂದು ತಾವೇ ನೋಡಬೇಕು. ಹಿಂದಿನ ಯಜಮಾನ ಕಿತ್ತು ಎಸೆದಿರುವುದು ಮಾಮೂಲು.

ಹಾಕುವ ಕ್ರಮ ಹೀಗೆ. ಮೊದಲು ಕೋವಿ ಖಾಲಿ ಮಾಡಿ. ಚೇಂಬರಿನಲ್ಲಿ ಕಣ್ಣಿಟ್ಟು ನೋಡಿ, ಆಮೇಲೆ ಬೆರಳು ಹಾಕಿ ಮುಟ್ಟಿ ನೋಡಿ, ಮ್ಯಾಗಜಿನ್ ಬಾಯಲ್ಲೂ ಬೆರಳು ಹಾಕಿ ಬಟ್ಟಲು ಸಿಗುತ್ತದೆಯೇ ನೋಡಿ. ನಿಜವಾದ ತೋಟಾ ಎಲ್ಲವನ್ನೂ ಬೇರೆ ಕೋಣೆಯಲ್ಲಿಡಿ. ಈ ಕೆಲಸಕ್ಕೆ ಬೇಕಾದದ್ದು ಮದ್ದಿಲ್ಲದ ಡಮ್ಮಿ ತೋಟಾ ಮಾತ್ರ, ಅಂಗಡಿಯಲ್ಲಿ ಸಿಗುತ್ತದೆ.

ರೆಮಿಂಗ್ಟನ್ 870 ಥರದ ಪಂಪ್ ಕೋವಿಯಾದರೆ ಪಂಪನ್ನು ಅರ್ಧ ಹಿಂದಕ್ಕೆಳೆದು, ಮ್ಯಾಗಜಿನ್ ಕೊಳವೆಯ ತುದಿಯ ಮುಚ್ಚಳ ತಿರುಗಿಸಿ ತೆಗೆಯಿರಿ. ನಳಿಕೆ ಮುಂದಕ್ಕೆ ಜಾರಿ ಹೊರಬರುತ್ತದೆ. ಈಗ ಕೊಳವೆಯ ತುದಿಯಲ್ಲಿ ಸ್ಪ್ರಿಂಗ್ ಹಿಡಿದಿಡುವ ಬಿಲ್ಲೆ ಕಾಣುತ್ತದೆ. ಅದನ್ನು ತೆಗೆಯುವಾಗ ಹೆಬ್ಬೆರಳನ್ನು ಮೇಲೆ ಒತ್ತಿಟ್ಟೇ ಇರಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಮುಖಕ್ಕೆ ಚಿಮ್ಮುತ್ತದೆ. ಕನ್ನಡಕ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಸ್ಪ್ರಿಂಗಿನ ಒಳಗೆ ಪ್ಲಗ್ ಇಳಿಸಿ, ಬಿಲ್ಲೆ ಕೂರಿಸಿ, ನಳಿಕೆ ಹಾಕಿ, ಮುಚ್ಚಳ ಬಿಗಿಮಾಡಿ. ಮಾಸ್‌ಬರ್ಗ್ 500ರ ಸಾಧಾರಣ ಮಾದರಿಯಲ್ಲಿ ಸ್ಪ್ರಿಂಗ್ ಬಿಚ್ಚುವ ಕಷ್ಟವಿಲ್ಲ. ಮುಂದಿನ ತಿರುಪು ಬಿಚ್ಚಿ ನಳಿಕೆ ತೆಗೆದರೆ ಕೊಳವೆಯ ತುದಿಯಲ್ಲಿ ತೂತು ಕಾಣುತ್ತದೆ, ಮರದ ಪ್ಲಗ್ ಆ ತೂತಿನಿಂದಲೇ ಒಳಗೆ ಹೋಗುತ್ತದೆ, ಕೋವಿ ತಲೆಕೆಳಗೆ ಮಾಡಿ ಅಲುಗಿಸಿದರೆ ಹೊರಗೂ ಬರುತ್ತದೆ.

ಪ್ಲಗ್ ಕಳೆದಿದ್ದರೆ ಮಾಡಿಕೊಳ್ಳುವುದು ಸುಲಭ, ಉದ್ದದ ಲೆಕ್ಕ ಮಾತ್ರ ಸರಿಯಾಗಿರಬೇಕು. ಗಟ್ಟಿ ಮರದ ದುಂಡು ಕಡ್ಡಿ ತೆಗೆದುಕೊಳ್ಳಿ. ಸ್ಪ್ರಿಂಗಿನೊಳಗೆ ಎಲ್ಲೂ ಉಜ್ಜದೆ ಜಾರಬೇಕು, ಹಾಗೆಂದು ಗಡಗಡ ಅಲ್ಲಾಡುವಷ್ಟು ಸಣ್ಣದಾಗಿಯೂ ಇರಬಾರದು. ಟರ್ಕಿ ಕಿವಿ ಬಹಳ ಚುರುಕು, ಕೊಳವೆಯೊಳಗಿನ ಸದ್ದೂ ಅದಕ್ಕೆ ಕೇಳುತ್ತದೆ. ಮೊದಲು ಬೇಕಾದದ್ದಕ್ಕಿಂತ ಉದ್ದ ಕತ್ತರಿಸಿ, ಡಮ್ಮಿ ತುಂಬಿ ನೋಡುತ್ತಾ ಮೂರು ನಾಲ್ಕು ಮಿಲಿಮೀಟರಿನಂತೆ ಕಡಿಮೆ ಮಾಡುತ್ತಾ ಬನ್ನಿ. ಎರಡು ಡಮ್ಮಿ ಸಲೀಸಾಗಿ ಒಳಗೆ ಹೋಗಿ, ಎರಡನೆಯದು ಮ್ಯಾಗಜಿನ್ ಬಾಯಲ್ಲಿ ತೋಟಾ ಹಿಡಿದಿಡುವ ಕೊಂಡಿಗೆ ಸಿಕ್ಕಿಕೊಳ್ಳುವ ಸದ್ದು ಬಂದ ಮೇಲೆ ಇನ್ನೂ ಒಂದಿಷ್ಟು ಸಡಿಲ ಬಿಟ್ಟು ನಿಲ್ಲಿಸಿ. ತುದಿಗಳನ್ನು ಉಜ್ಜಿ ದುಂಡಗೆ ಮಾಡಿ, ವಾರ್ನಿಷ್ ಹಚ್ಚಿ. ಹಸಿ ಮರ, ವಾರ್ನಿಷಿಲ್ಲದ ಮರ ಮಳೆಗೆ ಉಬ್ಬಿ ಸ್ಪ್ರಿಂಗನ್ನು ಹಿಡಿದುಕೊಳ್ಳುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಇಡೀ ವಿಷಯದಲ್ಲಿ ಹೆಚ್ಚು ಜನ ತಪ್ಪುವ ಜಾಗ: ತೋಟಾದ ಉದ್ದ. ಅಮೆರಿಕದ 12 ಬೋರಿನ ತೋಟಾ ಮುಖ್ಯವಾಗಿ ಮೂರು ಉದ್ದದಲ್ಲಿ ಸಿಗುತ್ತದೆ, ಎರಡೂಮುಕ್ಕಾಲು ಇಂಚು ಅಂದರೆ 70 ಮಿ.ಮೀ., ಮೂರು ಇಂಚು ಅಂದರೆ 76 ಮಿ.ಮೀ., ಮೂರೂವರೆ ಇಂಚು ಅಂದರೆ 89 ಮಿ.ಮೀ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಈ ಅಳತೆ ಹಾರಿಸಿದ ಮೇಲಿನದು. ಹಾರಿಸದ ತೋಟಾದ ಬಾಯಿ ಮಡಚಿರುತ್ತದೆ, ಈಡು ಹಾರಿದಾಗ ಆ ಮಡಿಕೆ ಬಿಚ್ಚಿ ಪೂರ್ತಿ ಉದ್ದ ಬರುತ್ತದೆ. ಹಾಗಾಗಿ 70 ಮಿ.ಮೀ. ಎಂದು ಬರೆದ ತೋಟಾ ಕೈಯಲ್ಲಿರುವಾಗ ಸುಮಾರು 6 ಸೆಂ.ಮೀ. ಇರುತ್ತದೆ, 89 ಮಿ.ಮೀ. ತೋಟಾ ಸುಮಾರು 8 ಸೆಂ.ಮೀ. ಮ್ಯಾಗಜಿನ್ನಿನ ಲೆಕ್ಕಕ್ಕೆ ಬೇಕಾದದ್ದು ಈ ಮಡಚಿದ ಉದ್ದ.

ಮೂರೂವರೆ ಇಂಚಿನ ತೋಟಾ ಎರಡು ಹಿಡಿಸಬೇಕೆಂದರೆ ಸುಮಾರು 16 ಸೆಂ.ಮೀ. ಜಾಗ ಬೇಕು. ಅದೇ ಕೋವಿಗೆ ಎರಡೂಮುಕ್ಕಾಲು ಇಂಚಿನವು ಮೂರು ಇಳಿಯಲು ಸುಮಾರು 18 ಸೆಂ.ಮೀ. ಸಾಕು. ಅಂದರೆ ನಿಮ್ಮ ಪ್ಲಗ್ ಎರಡು ಸೆಂ.ಮೀ. ಗಿಡ್ಡವಾದರೆ ಉದ್ದ ತೋಟಾದಲ್ಲಿ ಕಾನೂನುಬದ್ಧವಾಗಿದ್ದ ಕೋವಿ ಸಣ್ಣ ತೋಟಾದಲ್ಲಿ ಕಾನೂನು ಮುರಿಯುತ್ತದೆ. ವಾರ್ಡನ್ ಯಾವ ತೋಟಾದಿಂದ ಪರೀಕ್ಷಿಸುತ್ತಾನೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಪರೀಕ್ಷೆ ಎರಡು ಬಾರಿ ಆಗಬೇಕು. ನೀವು ಬಳಸುವ ಅತಿ ಉದ್ದದ ತೋಟಾದ ಡಮ್ಮಿ ಎರಡು ಸಲೀಸಾಗಿ ಹೋಗಬೇಕು, ಎರಡೂಮುಕ್ಕಾಲು ಇಂಚಿನ ಡಮ್ಮಿ ಮೂರನೆಯದು ಹೋಗಕೂಡದು. ಒಂದೂಮುಕ್ಕಾಲು ಇಂಚಿನ ಕಿರುತೋಟಾಗಳೂ ಈಗ ಮಾರುಕಟ್ಟೆಯಲ್ಲಿವೆ. ಎರಡು ಸಾಮಾನ್ಯ ತೋಟಾ ಹಿಡಿಸುವ ಜಾಗಕ್ಕೆ ಮೂರು ಕಿರುತೋಟಾ ನುಸುಳುವ ಸಾಧ್ಯತೆ ಇದ್ದೇ ಇದೆ. ಟರ್ಕಿಗೆ ಅವು ಬೇಕಾಗಿಯೂ ಇಲ್ಲ, ಬೇಟೆಯ ಚೀಲದಲ್ಲಿ ಇಡದಿರುವುದೇ ಕ್ಷೇಮ.

ಪ್ಲಗ್ ಉದ್ದವಾದರೆ ಬೇರೆ ತೊಂದರೆ. ಎರಡನೆಯ ತೋಟಾ ಕೊಂಡಿಗೆ ಸಿಗದೆ ಹಿಂದಕ್ಕೆ ಜಾರಿ ಕಾಲಿಗೆ ಬೀಳುತ್ತದೆ. ಬಲವಂತವಾಗಿ ತುಂಬಿದರೆ ಬಟ್ಟಲಿಗೂ ಕೊಂಡಿಗೂ ನಡುವೆ ತೋಟಾ ಬಿಗಿದುಕೊಂಡು ಪಂಪ್ ಎಳೆದಾಗ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡನೆಯ ಈಡು ಬೇಕಾದ ಗಳಿಗೆಯಲ್ಲೇ ಇದು ಗೊತ್ತಾಗುವುದು. ಪ್ಲಾಸ್ಟಿಕ್ ಪ್ಲಗ್ಗಿನ ತುದಿ ಮುರಿದು ಗಿಡ್ಡವಾಗುವುದೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ ಆಗುವುದು ಮರೆವು: ಒರೆಸಿ ಎಣ್ಣೆ ಹಾಕಲು ಕೋವಿ ಬಿಚ್ಚುತ್ತಾರೆ, ಪ್ಲಗ್ ಮೇಜಿನ ಮೇಲೆ ಉಳಿಯುತ್ತದೆ, ಕೋವಿ ಕೂಡಿಸಿದ ಮೇಲೆ ಹೊರಗಿನಿಂದ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಪ್ರತಿ ಸಲ ಬಿಚ್ಚಿ ಕೂಡಿಸಿದ ಮೇಲೆ ಡಮ್ಮಿ ಪರೀಕ್ಷೆ ಮಾಡಲೇಬೇಕು.

ಕೆಲವು ಸೆಮಿ ಆಟೋಮ್ಯಾಟಿಕ್ ಕೋವಿಗಳಲ್ಲಿ ಇನ್ನೊಂದು ಜಾಗವಿದೆ. ಚೇಂಬರಿಗೂ ಮ್ಯಾಗಜಿನ್ನಿಗೂ ನಡುವೆ ತೋಟಾ ಎತ್ತಿಕೊಡುವ ಪಟ್ಟಿಯ ಮೇಲೆ ಒಂದು ತೋಟಾ ಕೂರಿಸಿ ಬೋಲ್ಟ್ ಮುಚ್ಚಬಹುದು. ಘೋಸ್ಟ್ ಲೋಡ್ ಎಂದು ಅದರ ಹೆಸರು. ಪ್ಲಗ್ ಇರುವ ಕೋವಿಯಲ್ಲಿ ಹೀಗೆ ಮಾಡಿದರೆ ಒಳಗೆ ನಾಲ್ಕು ತೋಟಾ ಆಯಿತು, ಮೂರರ ಮಿತಿ ಮುರಿದಂತಾಯಿತು. ಯೂಟ್ಯೂಬಿನಲ್ಲಿ ಇದನ್ನು ಜಾಣ್ಮೆಯಂತೆ ತೋರಿಸುತ್ತಾರೆ. ಬೇಟೆಯಲ್ಲಿ ಮಾಡಬೇಡಿ. ಸಡಿಲವಾಗಿ ಕೂತ ಆ ತೋಟಾ ಅಡ್ಡ ತಿರುಗಿ ಕೋವಿ ಸಿಕ್ಕಿಕೊಳ್ಳಲೂಬಹುದು.

ಮೂರು ತೋಟಾ ಸಾಕೇ ಎಂದು ಕೇಳುವವರಿಗೆ ನನ್ನ ಉತ್ತರ, ಟರ್ಕಿಗೆ ಒಂದೇ ಸಾಕಾಗಬೇಕು. ಇದು ಹಾರುವ ಹಿಂಡಿಗೆ ಹೊಡೆಯುವ ಬೇಟೆಯಲ್ಲ. ಮರಕ್ಕೆ ಬೆನ್ನು ಕೊಟ್ಟು ಕೂತು, ಹೆಣ್ಣಿನ ಕೂಗು ಅನುಕರಿಸಿ ಗಂಡನ್ನು ಹತ್ತಿರ ಕರೆಸಿಕೊಂಡು, ನಿಂತ ಹಕ್ಕಿಯ ಕತ್ತಿಗೆ ಹೊಡೆಯುವುದು. ಗರಿ ಮುಗಿದು ಬೋಳು ಕತ್ತು ಶುರುವಾಗುವ ಜಾಗವೇ ಗುರಿ. ಬಾಲ ಬೀಸಣಿಗೆಯಂತೆ ಬಿಚ್ಚಿ ಬೀಗುವಾಗ ಹಕ್ಕಿ ಕತ್ತನ್ನು ಒಳಗೆಳೆದುಕೊಂಡಿರುತ್ತದೆ, ಆಗ ಹೊಡೆಯಬಾರದು. ಒಂದು ಸಣ್ಣ ಸದ್ದು ಮಾಡಿದರೆ ತಲೆ ಎತ್ತುತ್ತದೆ, ಆಗ ಹೊಡೆಯಬೇಕು. ಮೈಗೆ ಬಿದ್ದ ಚರೆ ದಪ್ಪ ಗರಿಯಲ್ಲಿ, ಎದೆಯ ಮಾಂಸದಲ್ಲಿ ಉಳಿದು ಹಕ್ಕಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ನಾಲ್ಕನೆಯ ತೋಟಾ ಅದನ್ನು ಸರಿಪಡಿಸುವುದಿಲ್ಲ.

ಸರಿಪಡಿಸುವುದು ಕಾಗದದ ಪರೀಕ್ಷೆ. ದೊಡ್ಡ ಕಾಗದದ ಮೇಲೆ 10 ಇಂಚು ಅಡ್ಡಳತೆಯ ವೃತ್ತ ಬರೆದು, 40 ಗಜ ಅಂದರೆ ಸುಮಾರು 37 ಮೀಟರ್ ದೂರದಿಂದ ಹೊಡೆದು ವೃತ್ತದೊಳಗಿನ ತೂತು ಎಣಿಸುತ್ತಾರೆ. ನೂರರ ಆಸುಪಾಸು ಇದ್ದರೆ ಆ ಕೋವಿ, ಆ ಚೋಕ್ (ನಳಿಕೆಯ ತುದಿಯ ಇಕ್ಕಟ್ಟು), ಆ ತೋಟಾ ಆ ದೂರಕ್ಕೆ ನಡೆಯುತ್ತದೆ ಎಂಬುದು ಅಲ್ಲಿನ ಬೇಟೆಗಾರರ ರೂಢಿಯ ಲೆಕ್ಕ. ಕಡಿಮೆಯಾದರೆ 30 ಗಜಕ್ಕೆ ಬನ್ನಿ, ಅದೇ ನಿಮ್ಮ ಮಿತಿ ಎಂದು ಒಪ್ಪಿಕೊಳ್ಳಿ. ಟರ್ಕಿಗೆ ಸಾಮಾನ್ಯವಾಗಿ ಸೀಸದ 4, 5, 6ನೇ ನಂಬರಿನ ಚರೆ ಬಳಸುತ್ತಾರೆ. ಟಂಗ್‌ಸ್ಟನ್ ಚರೆ ಸೀಸಕ್ಕಿಂತ ಬಹಳ ಸಾಂದ್ರ, ಹಾಗಾಗಿ 9ನೇ ನಂಬರಿನ ಪುಡಿ ಚರೆಯೂ ಕತ್ತಿನ ಮೂಳೆ ಮುರಿಯುತ್ತದೆ. ಬೆಲೆ ಮಾತ್ರ ಬಹಳ. ನಂಬರಿನ ವಿಷಯದಲ್ಲಿ ನಮ್ಮವರು ಗಮನಿಸಬೇಕಾದ್ದು, ಎಲ್‌ಜಿ, ಎಸ್‌ಜಿ ಎಂದು ಕರೆಯುವ ಬ್ರಿಟಿಷ್ ಪದ್ಧತಿಗೂ ಅಮೆರಿಕದ ಪದ್ಧತಿಗೂ ಅಂಕಿ ತಾಳೆಯಾಗುವುದಿಲ್ಲ. ಬ್ರಿಟಿಷ್ 6 ಎಂದರೆ 2.6 ಮಿ.ಮೀ., ಅಮೆರಿಕದ 6 ಎಂದರೆ ಸುಮಾರು 2.8 ಮಿ.ಮೀ., ಅದು ಬ್ರಿಟಿಷ್ 5ಕ್ಕೆ ಸಮ. ಚರೆಗೆ ಮಿತಿ ಇರುವ ರಾಜ್ಯದಲ್ಲಿ ಪೆಟ್ಟಿಗೆಯ ಮೇಲಿನ ಅಮೆರಿಕದ ನಂಬರೇ ಪ್ರಮಾಣ.

ಕೂರುವ ಬಗ್ಗೆ ಒಂದು ಮಾತು. ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ. ಈ ಮೂರು ಬಣ್ಣದ ಟೋಪಿ, ಕರವಸ್ತ್ರ, ಕಾಲುಚೀಲ ಕಾಡಿಗೆ ಒಯ್ಯಬಾರದು. ಪೊದೆಯಲ್ಲಿ ಸದ್ದು ಬಂತೆಂದು ಹೊಡೆಯಬಾರದು, ಆ ಕೂಗು ನಿಮ್ಮ ಹಾಗೆಯೇ ಕೂತಿರುವ ಇನ್ನೊಬ್ಬ ಬೇಟೆಗಾರನದ್ದಾಗಿರಬಹುದು. ಹೊಡೆದ ಹಕ್ಕಿಯನ್ನು ಹೆಗಲಿಗೇರಿಸಿ ಬರುವಾಗ ಕಿತ್ತಳೆ ಬಣ್ಣದ ಬಟ್ಟೆ ಸುತ್ತಿ.

ತೋಟಾದ ಲೆಕ್ಕಕ್ಕಿಂತ ದೊಡ್ಡ ಕಾನೂನು ಒಂದಿದೆ, ಕೊಡಗಿನವರು ಇದನ್ನು ಮೊದಲು ತಿಳಿಯಬೇಕು. ಎಚ್-1ಬಿ, ಎಲ್-1, ಎಫ್-1, ಬಿ-2 ಮೊದಲಾದ ವಲಸೆಯೇತರ ವೀಸಾದಲ್ಲಿ ಅಮೆರಿಕದಲ್ಲಿರುವವರು ಕೋವಿ ಅಥವಾ ತೋಟಾ ಹೊಂದುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ನಮ್ಮವರಿಗೆ ಉಪಯೋಗಕ್ಕೆ ಬರುವುದು ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಅಂಗಡಿಯವನೂ ಕೋವಿ ಮಾರುವ ಮುಂಚೆ ಅದನ್ನೇ ಕೇಳುತ್ತಾನೆ. ಪರವಾನಗಿಯ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯುತ್ತದೆ, ಕೋವಿ ಬೀರುವಿನಲ್ಲೇ ಇದ್ದರೂ. ಹಾಗಾಗಿ ಬೇಟೆಗೆ ಹೋಗದ ವರ್ಷವೂ ಅದನ್ನು ನವೀಕರಿಸಬೇಕು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಇಲ್ಲ. ಮಗನ ಮನೆಗೆಂದು ಆರು ತಿಂಗಳು ಹೋಗುವ ಅಪ್ಪ, ಮಾವಂದಿರು ಬಿ-2 ವೀಸಾದವರು. ಮಗನ ಕೋವಿ ಹಿಡಿದು ಒಂದು ಈಡು ಹಾರಿಸಿ ನೋಡೋಣ ಎನಿಸುವುದು ಸಹಜ, ಆದರೆ ಕೈಯಲ್ಲಿ ಅಂಥ ಬೇಟೆ ಪರವಾನಗಿ ಇಲ್ಲದೆ ಮುಟ್ಟಬೇಡಿ. ಕೊಡಗಿನಲ್ಲಿ ಜಮ್ಮಾ ಹಿಡುವಳಿಯ (ವಂಶಪಾರಂಪರ್ಯ ಜಮೀನಿನ ಹಕ್ಕು) ಮೇಲೆ ಪಡೆದ ಕೋವಿ ವಿನಾಯಿತಿ ಪತ್ರ ಇದೆ ಎಂಬುದಕ್ಕೆ ಅಲ್ಲಿ ಯಾವ ಅರ್ಥವೂ ಇಲ್ಲ.

ಆ ವಿನಾಯಿತಿಯ ಗಡಿ ಇಲ್ಲಿಯೂ ಸ್ಪಷ್ಟ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಹೊಂದಲು ಪರವಾನಗಿ ಬೇಡವೆಂಬ ಭಾರತದ ಕೇಂದ್ರ ಸರ್ಕಾರದ ಆದೇಶ 2019ರಲ್ಲಿ ಮುಂದುವರಿದು 2029ರ ಅಕ್ಟೋಬರ್‌ವರೆಗೆ ಇದೆ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಜಿಲ್ಲೆಯ ಹೊರಗೆ ಒಯ್ಯುವಾಗ ಒಂದು ರೈಫಲ್ ಮತ್ತು 100 ತೋಟಾ, ಒಂದು ಚರೆ ಕೋವಿ ಮತ್ತು 500 ತೋಟಾ ಎಂಬ ಮಿತಿ ಆ ವಿನಾಯಿತಿಯಲ್ಲೇ ಇದೆ. ನಮ್ಮಲ್ಲಿ ಎಣಿಸುವುದು ಒಯ್ಯುವ ತೋಟಾವನ್ನು, ಅಲ್ಲಿ ಅಳೆಯುವುದು ಕೋವಿಯ ಹೊಟ್ಟೆಯನ್ನು. ಈ ವಿನಾಯಿತಿ ಬೇಟೆಗೆ ಕೊಟ್ಟ ಅನುಮತಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೊಡಗಿಗೂ ಪೂರ್ತಿ ಅನ್ವಯ. ಟರ್ಕಿಯ ಕಥೆ ಕೇಳಿ ಇಲ್ಲಿ ಕಾಡುಕೋಳಿಗೆ ಕೋವಿ ಎತ್ತುವವರಿಗೆ ನನ್ನಿಂದ ಯಾವ ಸಹಾನುಭೂತಿಯೂ ಇಲ್ಲ. ಟರ್ಕಿಯ ಸಂತತಿ ಅಲ್ಲಿ ಒಮ್ಮೆ ಬಹುತೇಕ ಬರಿದಾಗಿತ್ತು. ಉಳಿದ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಹೊಸ ಕಾಡುಗಳಿಗೆ ಬಿಟ್ಟು ಬೆಳೆಸಿದರು. ಆ ಥರದ ಕೆಲಸಕ್ಕೆ ಹಣ ಬರುವುದು 1937ರ ಕಾಯಿದೆಯಂತೆ ಉದ್ದ ಕೋವಿ ಮತ್ತು ತೋಟಾ ಮೇಲೆ ಹಾಕುವ ಶೇ. 11ರ ತೆರಿಗೆಯಿಂದ. ಅಲ್ಲಿ ಬೇಟೆಗೆ ಅವಕಾಶ ಉಳಿದಿರುವುದು ಈ ಲೆಕ್ಕಾಚಾರದ ಮೇಲೆ.

ಊರಿಗೆ ಹೊರಡುವಾಗ ಬೇಟೆಯ ಜಾಕೆಟ್ಟು, ಚೀಲಗಳ ಪ್ರತಿ ಜೇಬನ್ನೂ ತಿರುಗಿಸಿ ನೋಡಿ. ಮರೆತು ಉಳಿದ ಒಂದು ಜೀವಂತ ತೋಟಾ ಬೆಂಗಳೂರಿನಲ್ಲೋ ಕಣ್ಣೂರಿನಲ್ಲೋ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ ಆಯುಧ ಕಾಯಿದೆಯಡಿ ಮೊಕದ್ದಮೆ ಎದುರಿಸಬೇಕಾಗುತ್ತದೆ. ಹೊರದೇಶದಿಂದ ಕೋವಿ, ತೋಟಾ ತರಲು ಬೇರೆಯೇ ಪರವಾನಗಿ ಬೇಕು, ಕೊಡಗಿನ ವಿನಾಯಿತಿ ಅದಕ್ಕೆ ಆಗುವುದಿಲ್ಲ.

ಮಡಚಿದ ಉದ್ದ, ಬಿಚ್ಚಿದ ಉದ್ದ ಎಂದು ಮೇಲೆ ಹೇಳಿದ ವ್ಯತ್ಯಾಸ ಕೊಡವರ ಮನೆತನದ ಮೂಲಮನೆಯಾದ ಐನ್‌ಮನೆಯ ಗೋಡೆಯ ಮೇಲಿರುವ ಹಳೆಯ ಕೋವಿಗೂ ಸಂಬಂಧಿಸಿದ್ದು. ಅಜ್ಜಂದಿರ ಕಾಲದ ಎಷ್ಟೋ ಬ್ರಿಟಿಷ್ ಜೋಡಿ ನಳಿಕೆಗಳ ಚೇಂಬರ್ 65 ಮಿ.ಮೀ., ಅಂದರೆ ಎರಡೂವರೆ ಇಂಚು. 70 ಮಿ.ಮೀ. ತೋಟಾ ಹಾರಿಸುವ ಮುಂಚೆ ಗಿಡ್ಡವಾಗಿರುವುದರಿಂದ ಅದರೊಳಗೆ ಆರಾಮವಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ, ಏನೂ ತಪ್ಪಿದಂತೆ ಕಾಣುವುದಿಲ್ಲ. ಹಾರಿಸಿದಾಗ ಬಾಯಿಯ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಚೇಂಬರಿನ ಮುಂದಿನ ಇಕ್ಕಟ್ಟಿಗೆ ಒತ್ತಿಕೊಳ್ಳುತ್ತದೆ, ಒಳಗಿನ ಒತ್ತಡ ಏರುತ್ತದೆ. ನೂರು ವರ್ಷದ ನಳಿಕೆಗೆ ಅದು ಸಲ್ಲದು. ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ಪೂಜೆಗೆ ನಳಿಕೆಗೆ ಸಿಕ್ಕಿಸಿದ ತೋಕ್ ಪೂ ಎಂಬ ಹೂವನ್ನು ತೆಗೆದು, ನಳಿಕೆಯೊಳಗೆ ಬೆಳಕು ಹಾಯಿಸಿ ನೋಡಿದ ಮೇಲೆಯೇ ತೆಂಗಿನಕಾಯಿಗೆ ಗುರಿಯಿಡಬೇಕು. ಅದೇ ಹೊತ್ತಿನಲ್ಲಿ ನಳಿಕೆ ಕಳಚಿ, ಚೇಂಬರಿನ ಕೆಳಗಿನ ಚಪ್ಪಟೆ ಭಾಗದಲ್ಲಿ ಒತ್ತಿರುವ ಗುರುತುಗಳಲ್ಲಿ ಎರಡೂವರೆ ಇಂಚೋ ಎರಡೂಮುಕ್ಕಾಲು ಇಂಚೋ, ಇಲ್ಲವೇ 65 ಅಥವಾ 70 ಎಂದಿದೆಯೋ ಓದಿ. ಸವೆದು ಓದಲು ಬಾರದಿದ್ದರೆ, ಗುರುತೇ ಇಲ್ಲದಿದ್ದರೆ, ಕೋವಿ ರಿಪೇರಿ ಮಾಡುವವರ ಬಳಿ ಚೇಂಬರ್ ಅಳೆಸುವವರೆಗೆ 65 ಮಿ.ಮೀ. ಎಂದೇ ಹಿಡಿದು, ಅದಕ್ಕಿಂತ ಉದ್ದದ ತೋಟಾ ಹಾಕಬೇಡಿ.